ನಿಧಾನವಾಗಿ ಬಾ

ವಸಂತಮ್ಮ ಅದನ್ನು ಕೊಂಕಿಗೆ ಕೇಳಿದ್ದಲ್ಲ. ಪಕ್ಕದ ಮನೆಯವಳು, ಬೆಳಗಿನ ಜಾವದಿಂದ ಅಮ್ಮನ ತಲೆಯ ಹತ್ತಿರವೇ ಕೂತು ದೀಪದ ಬತ್ತಿ ಸರಿಮಾಡುತ್ತಿದ್ದವಳು, ಮಾತಿಗೆ ಮಾತು ಬಂದಾಗ ಪದ್ಮಾವತಿಯ ಕಡೆ ತಿರುಗಿ, "ನೀನು ಇಮಾನದ ಆಪೀಸಲ್ಲೇ ಅಲ್ವೇನಮ್ಮಿ ಇರಾದು? ಒಂದು ಮಾತು ಏಳ್ಬುಟ್ಟು ನಿನ್ ತಮ್ಮನ ಇಮಾನವ ಬಿರ್ರನೆ ತರ್ಸಕ್ಕಾಗಕಿಲ್ವಾ?" ಎಂದಳು. ಸುತ್ತ ಕೂತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಬಾಯಿಗಿಟ್ಟುಕೊಂಡರು. "ಇಮಾನ ಏನು ಆಟೋನಾ ವಸಂತಕ್ಕ, ಬಾಡಿಗೆ ಮೇಲೆ ಅಷ್ಟು ಕೊಡ್ತೀನಿ ಓಡ್ಸಣ್ಣ ಅನ್ನಕ್ಕೆ?" ಎಂದು ಯಾರೋ ಅಂದರು. ಸಾವಿನ ಮನೆಯಲ್ಲಿ ಅಷ್ಟು ನಗುವಿಗೆ ಜಾಗವಿರುತ್ತದೆ. ಪದ್ಮಾವತಿ ಮಾತ್ರ ನಗಲಿಲ್ಲ. ತರಿಸಲು ಆಗುತ್ತದೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ತಮ್ಮ ಮುನಿರಾಜು ದುಬೈಯಿಂದ ಹೊರಟು ಸಮುದ್ರದ ಮೇಲೆ ಎಲ್ಲೋ ಇದ್ದ. ಅಮ್ಮ ಸೊಣ್ಣಮ್ಮ ನಡುಮನೆಯಲ್ಲಿ, ಕಾಲಿನ ಹೆಬ್ಬೆರಳೆರಡನ್ನೂ ಕೂಡಿಸಿ ಕಟ್ಟಿಸಿಕೊಂಡು, ಯಾರೋ ಏನೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವವಳ ಹಾಗೆ ತಲೆ ಒಂದಿಷ್ಟು ಓರೆ ಮಾಡಿಕೊಂಡು ಮಲಗಿದ್ದಳು. ಬಾಗಿಲಲ್ಲಿ ಸೋದರಮಾವ ಮುನಿಯಣ್ಣ ಕೈ ಹಿಂದೆ ಕಟ್ಟಿಕೊಂಡು ಬಿಸಿಲು ನೋಡುತ್ತಿದ್ದ. ಅವನಿಗೆ ಗಡಿಯಾರದ ಮೇಲೆ ನಂಬಿಕೆಯಿಲ್ಲ. ಎದುರಿನ ಅಪಾರ್ಟ್‌ಮೆಂಟಿನ ನೆರಳು ತಮ್ಮ ಅಂಗಳದ ಕಲ್ಲು ಮುಟ್ಟಿತೆಂದರೆ ಹೊತ್ತು ಇಳಿಯಿತು ಎಂದು ಲೆಕ್ಕ. "ಒತ್ತು ಮುಳುಗಾದ್ರೊಳ್ಗೆ ಮಣ್ಣು ಆಗ್ಬೇಕು ಪದ್ಮ. ನಾಳಿಕ್ಕೆ ಅಮಾಸೆ. ರಾಜ ಬಂದ್ರೆ ಅವನ ಪುಣ್ಯ, ಬರ್ದಿದ್ರೆ ನಮ್ ಕರ್ಮ" ಎಂದಿದ್ದ. ಐಸಿನ ಪೆಟ್ಟಿಗೆ ತರಿಸಿ ಅಮಾವಾಸ್ಯೆ ಕಳೆಯುವ ತನಕ ಇಟ್ಟುಕೊಂಡರಾಯಿತು ಎಂದು ಬೀದಿಯ ಯಾರೋ ಸೂಚಿಸಿದಾಗ ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮನೇ ಹೇಳಿಟ್ಟಿದ್ದಳಲ್ಲ: "ನನ್ನ ಆ ಪೆಟ್ಟಿಗೇಲಿ ಮಾತ್ರ ಮಲಗುಸ್ಬೇಡ್ರಪ್ಪ, ಸಳಿ ತಡಿಯಾಕಿಲ್ಲ ನನ್ಗೆ."

ಮುಖ ಕಾಣಬೇಕು, ಅಷ್ಟೇ. ರಾಜು ಅಮ್ಮನ ಮುಖ ಒಂದು ಸಲ ಕಾಣಬೇಕು, ಬಾಯಿಗೆ ಒಂದು ಎಲೆ ನೀರು ಬಿಡಬೇಕು, ಗುಂಡಿಗೆ ಮೊದಲ ಹಿಡಿ ಮಣ್ಣು ಅವನ ಕೈಯಿಂದ ಬೀಳಬೇಕು. ಪದ್ಮಾವತಿ ಬೆಳಗಿನಿಂದ ಇಷ್ಟನ್ನೇ ಬೇಡುತ್ತಿದ್ದಳು. ಆದರೆ ಬೇಡಿಕೊಳ್ಳುವಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದುದು ಮುನೇಶ್ವರನ ಗುಡಿಯಲ್ಲ, ಆಫೀಸಿನ ಪರದೆಯ ಮೇಲಿನ ಒಂದು ಅಂಕಿ. ವೈಟ್‌ಫೀಲ್ಡಿನ ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ಕೂತು ಅವಳು ಕೊಲ್ಲಿಯ ಒಂದು ವಿಮಾನ ಕಂಪನಿಗೆ, ಅವರ ವಿಮಾನಗಳು ಎಷ್ಟು ವೇಗದಲ್ಲಿ ಹೋಗಬೇಕೆಂದು ಹೇಳುತ್ತಿದ್ದಳು. ಅದಕ್ಕೆ ಕಾಸ್ಟ್ ಇಂಡೆಕ್ಸ್ ಎಂದು ಹೆಸರು. ಹೊತ್ತಿನ ಬೆಲೆ ಒಂದು ತಟ್ಟೆಯಲ್ಲಿ, ಎಣ್ಣೆಯ ಬೆಲೆ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದರೆ ಬರುವ ಅಂಕಿ. ಅಂಕಿ ಏರಿಸಿದರೆ ವಿಮಾನ ಆತುರಪಡುತ್ತದೆ, ಎದುರು ಗಾಳಿಯನ್ನು ತಳ್ಳುತ್ತಾ ಎಣ್ಣೆ ಕುಡಿಯುತ್ತದೆ. ಇಳಿಸಿದರೆ ಸಮಾಧಾನವಾಗಿ ತೇಲಿ ಬರುತ್ತದೆ. ಎಣ್ಣೆಯ ಬೆಲೆ ಗಗನಕ್ಕೇರಿದ ವರ್ಷ ಪದ್ಮಾವತಿ ಅದನ್ನು ಇಳಿಸುತ್ತಾ ಇಳಿಸುತ್ತಾ ಬಂದಳು. ಪ್ರತಿ ವಿಮಾನವೂ ಐದಾರು ನಿಮಿಷ ತಡವಾಗಿ ಬರತೊಡಗಿತು. ಆಮೇಲೆ ಕಂಪನಿ ವೇಳಾಪಟ್ಟಿಯನ್ನೇ ಅಷ್ಟು ಹಿಗ್ಗಿಸಿಕೊಂಡಿತು. ಈಗ ಎಲ್ಲವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಯಾರ ಜೇಬಿನಿಂದ ಏನು ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

"ಅಷ್ಟೆತ್ತರುದ್ಮೇಲೆ ಓಗೋ ಇಮಾನಕ್ಕೆ ನೀನೇನವ್ವ ಏಳ್ಕೊಡ್ತೀಯ?" ಎಂದು ಅಮ್ಮ ಒಂದು ಸಂಜೆ, ಅವರೆಕಾಯಿ ಸುಲಿಯುತ್ತಾ ಕೇಳಿದ್ದಳು. ನಿಧಾನಕ್ಕೆ ಹೋಗಿ ಅಂತ ಹೇಳ್ತೀನಿ ಕಣಮ್ಮ ಎಂದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅದುಕ್ಕೂ ಸಂಬ್ಳ ಕೊಡ್ತಾರಾ? ನಿಮ್ಮಪ್ಪ ಎತ್ತುಗಳ್ಗೆ ದಿನಾ ಏಳೋರು, ಒಂದು ಕಾಸೂ ಉಟ್ನಿಲ್ಲ." ಅಪ್ಪ ಸೊಪ್ಪಿನ ಗಾಡಿ ಕಟ್ಟಿಕೊಂಡು ಕುಂದಲಹಳ್ಳಿಯಿಂದ ಮಾರ್ಕೆಟ್ಟಿಗೆ ಹೋಗುತ್ತಿದ್ದ ಕಾಲ. ಬಾರುಕೋಲು ಗಾಡಿಯ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಓಡಿಸಿದರೆ ಹುರುಳಿ ಹೆಚ್ಚು ತಿನ್ನುತ್ತವೆ, ಕಾಲೂ ಸೋಲುತ್ತವೆ ಎನ್ನುತ್ತಿದ್ದ. ಸುಲಿದ ಕಾಳನ್ನು ಮೊರಕ್ಕೆ ಸುರಿದು ಅಮ್ಮ ಒಂದು ಗಳಿಗೆ ಬಿಟ್ಟು ಅಂದಿದ್ದಳು: "ಅಂಗಂತ ತೀರಾ ನಿಧಾನ ಆದ್ರೂ ಆಗಾಕಿಲ್ಲ ಕಣವ್ವ. ಸೊಪ್ಪು ಬಾಡೋಯ್ತದೆ." ಅದೂ ನಿಜವೇ. ವಿಮಾನ ಒಂದು ಮಿತಿಗಿಂತ ನಿಧಾನವಾದರೆ ಮೂಗು ಎತ್ತಿಕೊಂಡು, ಬೀಳದೆ ನಿಲ್ಲುವುದಕ್ಕೇ ಏದುಸಿರು ಬಿಡುತ್ತಾ, ಉಳಿಸಿದ ಎಣ್ಣೆಯನ್ನೆಲ್ಲ ಅಲ್ಲೇ ಸುಡುತ್ತದೆ. ಇವೆರಡರ ನಡುವೆ, ಬಾಣಲೆಯ ತಳದ ಹಾಗೆ, ಚಪ್ಪಟೆಯಾದ ಒಂದು ಜಾಗವಿದೆ. ಅಲ್ಲಿ ಒಂದಿಷ್ಟು ಆ ಕಡೆ ಈ ಕಡೆ ಸರಿದರೆ ದೊಡ್ಡ ನಷ್ಟವೇನಿಲ್ಲ. ರಾಜುವಿನ ವಿಮಾನವನ್ನು ಈಗ ಒಂದಿಷ್ಟು ಅವಸರಪಡಿಸಿದರೆ ಆಗುವ ಖರ್ಚು ಎಷ್ಟು? ಅಂಗಳದಲ್ಲಿ, ಅಮ್ಮನ ಮೈ ತೊಳೆಯಲು ಟ್ಯಾಂಕರಿನ ನೀರು ತುಂಬಿಸಿಟ್ಟಿದ್ದ ನೀಲಿ ಡ್ರಮ್ಮನ್ನು ನೋಡಿದಳು. ಅಷ್ಟು. ಅದೊಂದು ಡ್ರಮ್ಮಿನಷ್ಟು ಎಣ್ಣೆ.

ಆದರೆ ಬೆಳಗ್ಗೆ ಅವನಿಗೆ ಫೋನು ಮಾಡಿದಾಗ ಅವಳೇ ಅಂದಿದ್ದಳಲ್ಲ. ಮಾವ ಎದುರಿಗೇ ನಿಂತು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ್ದ. ದೂರದಲ್ಲಿರುವವರಿಗೆ ಸತ್ತ ಸುದ್ದಿಯನ್ನು ನೇರವಾಗಿ ಹೇಳಬಾರದು. ಎದೆಯಲ್ಲಿ ಸಾವು ಹೊತ್ತುಕೊಂಡು ನಡೆಯುವವನಿಗೆ ದಾರಿ ಕಾಣುವುದಿಲ್ಲ, ಕಾಲು ತಪ್ಪುತ್ತಾನೆ. ಅದಕ್ಕೇ ಅವರ ಕಡೆ ಒಂದು ಮಾತಿದೆ. ಜೀವ ಇನ್ನೂ ಇದ್ದರೆ 'ಬೇಗ ಬಾ' ಎನ್ನುತ್ತಾರೆ. ಹೋಗಿದ್ದರೆ, 'ಒಸಿ ಉಸಾರಿಲ್ಲ, ಒಂಟು ಬಾ, ನಿಧಾನವಾಗಿ ಬಾ' ಎನ್ನುತ್ತಾರೆ. ಅವಸರಕ್ಕೆ ಇನ್ನು ಅರ್ಥವಿಲ್ಲವಲ್ಲ. ಕೇಳಿದವನಿಗೆ ಅರ್ಥವಾಗುತ್ತದೆ, ಆದರೂ ಆಗದವನಂತೆ ಬರುತ್ತಾನೆ. ಬಾಗಿಲಿಗೆ ಬರುವ ತನಕ ಇಬ್ಬರೂ ಆ ಸುಳ್ಳನ್ನು ಆಚೆ ಈಚೆ ಹಿಡಿದುಕೊಂಡಿರುತ್ತಾರೆ, ನೀರು ತುಂಬಿದ ಹಂಡೆಯನ್ನು ಇಬ್ಬರು ಹಿಡಿದುಕೊಂಡ ಹಾಗೆ. ಪದ್ಮಾವತಿಯೂ ಹಾಗೇ ಅಂದಳು. ರಾಜು ಮಾತ್ರ, ಅಲ್ಲಿ ಲಿಫ್ಟು ರಿಪೇರಿ ಮಾಡುತ್ತಾ ಹತ್ತಾರು ವರ್ಷ ಕಳೆದವನು, ಏನೂ ಆಗಿಲ್ಲವೆಂಬಂಥ ದನಿಯಲ್ಲಿ, "ಆಯ್ತಕ್ಕ. ನಿನ್ ಕಂಪನಿ ಪ್ಲೇನೇ ಸಿಗುತ್ತೆ ಇವಾಗ, ಹೊರಟ್ಬಿಡ್ತೀನಿ" ಎಂದ. ಆಮೇಲೆ ಕೇಳಿದ: "ಗಂಜಿ ಕುಡಿದ್ಲಾ?" ಪದ್ಮಾವತಿ ಅಮ್ಮನ ತುಟಿ ನೋಡಿದಳು. "ಕುಡಿದ್ಲು" ಎಂದಳು. ಅವನಿಗೆ ಅರ್ಥವೇ ಆಗಿಲ್ಲ. ಅಮ್ಮ ಗಂಜಿ ಕುಡಿದು ಮಲಗಿದ್ದಾಳೆ ಎಂದುಕೊಂಡು ಅವನು ಆಕಾಶದಲ್ಲಿ ಕೂತಿದ್ದಾನೆ. ನಿಧಾನವಾಗಿ ಬಾ ಎಂದು ನೆಲದ ಮೇಲಿಂದ ತಾನು ಹೇಳಿದೆ. ಅದೇ ಮಾತನ್ನು ಅವನನ್ನು ಹೊತ್ತ ವಿಮಾನಕ್ಕೂ ತಾನೇ ಹೇಳಿಟ್ಟಿದ್ದೇನೆ.

ಅವಳು ಎದ್ದು ಹಿತ್ತಲಿಗೆ ಹೋದಳು. ಹಿತ್ತಲೆಂದರೆ ಈಗ ಪಿಜಿ ಹಾಸ್ಟೆಲ್ಲಿನ ಗೋಡೆಗೂ ಅಡುಗೆಮನೆಗೂ ನಡುವೆ ಉಳಿದಿರುವ, ಒಂದು ತುಳಸಿ ಒಂದು ನಲ್ಲಿ ಹಿಡಿಸುವಷ್ಟು ಜಾಗ. ಫೋನು ಕೈಯಲ್ಲಿತ್ತು. ಈ ಪಾಳಿಯಲ್ಲಿ ಯಾರಿರುತ್ತಾರೆಂದು ಗೊತ್ತಿತ್ತು. ಹನುಮೇಶ. ಕೊಪ್ಪಳದ ಕಡೆಯ ಹುಡುಗ, ಹಾರಾಟದಲ್ಲಿರುವ ವಿಮಾನಗಳಿಗೆ ಸಂದೇಶ ಕಳಿಸುವವನು. ಅವನ ಎರಡು ಸಾಲಿನ ಸಂದೇಶ ಸಾಕು, ಪೈಲಟ್ಟು ಅಂಕಿ ಬದಲಿಸುತ್ತಾನೆ. ಹೋದ ತಿಂಗಳು ಹನುಮೇಶ ಒಮ್ಮೆ ಹಾಗೆ ಮಾಡಿದ್ದ. ಯಾರೋ ಪ್ರಯಾಣಿಕನ ತಂದೆ ಸಾಯುವ ಸ್ಥಿತಿಯಲ್ಲಿದ್ದಾನೆಂದು ಪೈಲಟ್ಟು ಕೇಳಿದ್ದಕ್ಕೆ ವಿಮಾನವನ್ನು ಅವಸರಪಡಿಸಿದ್ದ. ಮೀಟಿಂಗಿನಲ್ಲಿ ಪದ್ಮಾವತಿ ಅವನನ್ನು ಎದ್ದು ನಿಲ್ಲಿಸಲಿಲ್ಲ, ದನಿ ಏರಿಸಲಿಲ್ಲ. "ಇನ್ನೂರು ಜನದಲ್ಲಿ ಯಾರಿಗೆ ಅವಸರ ಇರಲ್ಲ ಹೇಳಿ ಹನುಮೇಶ್?" ಎಂದು ನಗುತ್ತಲೇ ಕೇಳಿದಳು. "ಅವ್ರಪ್ಪ ಹೋಗೂ ಹಂಗಿದ್ರಂತ್ರಿ ಮೇಡಂ." "ಅದಕ್ಕೆ ಬೆಲೆ ಕಟ್ಟೋಕಾಗುತ್ತಾ?" "ಇಲ್ರಿ." "ಬೆಲೆ ಕಟ್ಟೋಕಾಗದ್ದು ಲೆಕ್ಕಕ್ಕೆ ಬರಲ್ಲ. ಸೊನ್ನೆ ಅಂತ ಇಟ್ಕೊಳ್ಳಿ." ಸುತ್ತಲಿನವರು ನಕ್ಕರು. ಹನುಮೇಶ ತಲೆ ತಗ್ಗಿಸಿ ತನ್ನ ಬೆರಳ ಉಗುರು ನೋಡಿಕೊಂಡ. ಅಂದಿನಿಂದ ನಿಯಮವೇ ಆಯಿತು: ಅಂಕಿ ಬದಲಿಸಿದರೆ ಕಾರಣ ಬರೆಯಬೇಕು, ಕಾರಣಕ್ಕೆ ಪದ್ಮಾವತಿ ಒಪ್ಪಿಗೆ ಕೊಡಬೇಕು.

"ಹೇಳ್ರಿ ಮೇಡಂ" ಎಂದ ಹನುಮೇಶ. ರಜೆಯ ದಿನ ಮೇಡಂ ಫೋನು ಮಾಡಿದ್ದಕ್ಕೆ ಅವನ ದನಿ ಸೆಟೆದು ನಿಂತಿತ್ತು. ಅವಳು ರಜೆ ಎಂದಷ್ಟೇ ತಿಳಿಸಿದ್ದಳು, ಏಕೆಂದು ಹೇಳಿರಲಿಲ್ಲ. ದುಬೈ ವಿಮಾನದ ವಿಷಯ ಕೇಳಿದಳು. ಸರಿಯಾದ ಹೊತ್ತಿಗೆ ಇಳಿಯುತ್ತದೆ ಎಂದ. "ಯಾರರ ಬರಾಕತ್ತಾರೇನ್ರಿ?" "ತಮ್ಮ." "ಹೌದಾ. ಹಬ್ಬಕ್ಕ ಬರಾಕತ್ತಾರೇನು?" ಒಳಗೆ ಹೊಸದಾಗಿ ಬಂದ ಯಾರೋ ಅಮ್ಮನ ಕಾಲ ಬಳಿ ಕುಸಿದು ದನಿ ತೆಗೆದರು. ಪದ್ಮಾವತಿ ಫೋನಿನ ಬಾಯನ್ನು ಅಂಗೈಯಿಂದ ಮುಚ್ಚಿದಳು. ಏಕೆ ಮುಚ್ಚಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಆ ಅಳು ಅವನಿಗೆ ಕೇಳಿಸಿದ್ದರೆ ಸಾಕಿತ್ತು, ಅವಳು ಬಾಯಿ ಬಿಡಬೇಕಿರಲಿಲ್ಲ. ಅವನು ತಾನಾಗಿಯೇ ಮಾಡಿಬಿಡುತ್ತಿದ್ದ, ಅಂಥ ಹುಡುಗ. ಅದೇ ಕಷ್ಟವಾಗಿತ್ತು. ಅವನು ಒಲ್ಲೆನೆಂದಿದ್ದರೆ ಅಂಗಲಾಚಬಹುದಿತ್ತು. ಒಂದು ಮಾತೂ ಆಡದೆ ಮಾಡಿಬಿಡುತ್ತಾನಲ್ಲ ಎಂಬುದನ್ನು ಎದುರಿಸುವುದು ಹೇಗೆ? "ಏನರ ಹೇಳೂದಿತ್ತೇನ್ರಿ ಮೇಡಂ?" "ಏನಿಲ್ಲ. ಎಲ್ಲಾ ನಾರ್ಮಲ್ ತಾನೆ?" "ಹೂಂರಿ. ನಿಮ್ಮ ನಂಬರಿನ ಮ್ಯಾಲೇ ಹೊಂಟೈತ್ರಿ." ಅದರಲ್ಲೂ ಕೊಂಕಿರಲಿಲ್ಲ. ಈ ದಿನ ಯಾರ ಮಾತಿನಲ್ಲೂ ಕೊಂಕಿಲ್ಲ. "ಸರಿ ಬಿಡಿ" ಎಂದು ಫೋನಿಟ್ಟು, ಇನ್ನೊಂದು ಸಲ ಮಾಡುತ್ತೇನೆ, ಈಗಲೇ ಮಾಡುತ್ತೇನೆ ಎಂದುಕೊಳ್ಳುತ್ತಾ ನಲ್ಲಿಯ ತೊಟ್ಟು ಬೀಳುವುದನ್ನು ನೋಡುತ್ತಾ ನಿಂತಳು. ಒಳಗಿನಿಂದ ವಸಂತಮ್ಮ, "ಅರಿಸಿನ ಎಲ್ಲಿ ಮಡಗಿದ್ದೀಯಮ್ಮಿ?" ಎಂದು ಕೂಗಿದಾಗ ಒಳಗೆ ಹೋದಳು.

ಹಳೆಯ ವಿಮಾನ ನಿಲ್ದಾಣವೇ ಇದ್ದಿದ್ದರೆ, ಎಂದು ಅರಿಸಿನ ಕಲಸುವಾಗ ಅನ್ನಿಸಿತು. ಆಗ ವಿಮಾನಗಳು ಇದೇ ಮನೆಯ ಹೆಂಚು ಸವರುವಂತೆ ಇಳಿಯುತ್ತಿದ್ದವು. ಅಟ್ಟದ ಮೇಲಿನ ತಾಮ್ರದ ಪಾತ್ರೆಗಳು ಗುಂಯ್ ಎನ್ನುತ್ತಿದ್ದವು. ರಾಜು ಮೊದಲ ಸಲ ದುಬೈಗೆ ಹೋದಾಗ ಅಮ್ಮ ಅಂಗಳದಲ್ಲಿ ನಿಂತು, ಅದೇ ವಿಮಾನವೋ ಅಲ್ಲವೋ, ಮೇಲೆ ಹೋದ ಒಂದಕ್ಕೆ ಸೆರಗು ಬೀಸಿದ್ದಳು. ಆ ಬದುಕೆಲ್ಲ ದೇವನಹಳ್ಳಿಗೆ ಎದ್ದುಹೋದ ಮೇಲೆ ಮನೆಯ ಮೇಲಿನ ಆಕಾಶ ಬೋಳಾಯಿತು. "ಇಮಾನ ಬರ್ದಿದ್ರೆ ಒತ್ತೇ ಓಗಾಕಿಲ್ಲ ಕಣೆ" ಎಂದು ಅಮ್ಮ ಗೊಣಗುತ್ತಿದ್ದಳು. ಈಗ ಅಲ್ಲಿ ಇಳಿದರೂ ಇಲ್ಲಿಗೆ ಬರಲು ಹೆಬ್ಬಾಳ, ಕೆ.ಆರ್. ಪುರದ ಸೇತುವೆ, ಮಾರತಹಳ್ಳಿ ದಾಟಬೇಕು. ತಾನು ಕೇಳದೆ ಬಿಟ್ಟ ಐದಾರು ನಿಮಿಷವನ್ನು ಯಾವುದೋ ಒಂದು ಸಿಗ್ನಲ್ಲು ನುಂಗಿಹಾಕುತ್ತಿತ್ತು, ಅಷ್ಟೇ, ಎಂದು ಸಮಾಧಾನ ಹೇಳಿಕೊಂಡಳು. ನುಂಗದೆಯೂ ಇರಬಹುದಿತ್ತು.

ಅಪಾರ್ಟ್‌ಮೆಂಟಿನ ನೆರಳು ಅಂಗಳದ ಕಲ್ಲು ದಾಟಿ ಹೊಸಲಿಗೆ ಬಂತು. ರಾಜು ಇಳಿದಿದ್ದ. ಟ್ಯಾಕ್ಸಿಯಲ್ಲಿದ್ದೇನೆ ಎಂದ. ಸ್ವಲ್ಪ ಹೊತ್ತಾದ ಮೇಲೆ ಸೇತುವೆಯ ಹತ್ತಿರ ನಿಂತಿದ್ದೇನೆ ಎಂದ. ಇನ್ನೂ ಅಲ್ಲೇ ಎಂದ. ಮುನಿಯಣ್ಣ ಮಾವ ಸ್ಮಶಾನದ ಕಡೆಗೆ ಒಮ್ಮೆ, ಬೀದಿಯ ತುದಿಗೆ ಒಮ್ಮೆ ಹೋಗಿಬಂದ. ಚಟ್ಟ ಸಿದ್ಧವಾಗಿತ್ತು, ತಮಟೆಯವರು ಎರಡು ಸಲ ಟೀ ಕುಡಿದಿದ್ದರು. ಪದ್ಮಾವತಿ ಅಮ್ಮನ ಹಣೆಯ ಬಳಿ ಕೂತು, ಅಮ್ಮ ಹೇಳುತ್ತಿದ್ದ ಕಥೆಯನ್ನು ನೆನೆಯುತ್ತಿದ್ದಳು. ನೆನೆಯುತ್ತಿದ್ದಳೋ, ಅಮ್ಮನೇ ಹೇಳುತ್ತಿದ್ದಳೋ. ದೇವರುಗಳಿಗೆಲ್ಲ ವಾಹನ ಹಂಚುವ ದಿನ ಯಮ ಕುದುರೆ ಕೇಳಿದನಂತೆ. ಕೆಲಸ ಬಹಳ, ದೂರ ದೂರ ತಿರುಗಬೇಕು ಎಂದನಂತೆ. ಶಿವ ಆಗಲಿ ಅನ್ನುವಷ್ಟರಲ್ಲಿ ಪಾರ್ವತಮ್ಮ ಕೈ ಅಡ್ಡ ಹಿಡಿದಳು. ಇವನಿಗೆ ಕುದುರೆ ಕೊಟ್ಟರೆ ತಾಯಿ ಹೋಗುವಾಗ ಮಕ್ಕಳು ಬಂದು ಸೇರುವುದು ಯಾವಾಗ? ಕೋಣ ಕೊಡಿ. ಕೋಣ ಕೆರೆ ಕಂಡಲ್ಲೆಲ್ಲ ಇಳಿದು ಮಲಗುತ್ತದೆ. ಅದು ಮೈ ಕೊಡವಿ ಮೇಲೇಳುವ ಹೊತ್ತಿಗೆ ದೂರದ ಊರಿನ ಮಗ ಓಡಿಬಂದು ಬಾಯಿಗೆ ನೀರು ಬಿಡಲಿ. ಕಥೆ ಅಲ್ಲಿಗೆ ಮುಗಿಯಬೇಕು. ಆದರೆ ಈಚೀಚೆಗೆ ಅಮ್ಮ ಅದಕ್ಕೊಂದು ಬಾಲ ಸೇರಿಸಿದ್ದಳು: "ಇವಾಗ ಕೆರೆ ಎಲ್ಲವೆ? ಮುಚ್ಬುಟ್ಟು ಬಿಲ್ಡಿಂಗ್ ಕಟ್ಟವ್ರೆ. ಪಾಪ ಕೋಣ ಎಲ್ಲಿ ಮಲೀಕ್ಕಂಡೀತು? ಅದುಕ್ಕೇ ಜನ ಇಂಗೆ ಪಟಾರಂತ ಓಯ್ತಾವ್ರೆ."

"ಏಳವ್ವ" ಎಂದ ಮಾವ. "ಇನ್ನು ತಡಿಯಕ್ಕಾಗಕಿಲ್ಲ."

ಹೆಂಗಸರು ಬೀದಿಯ ತಿರುವಿನವರೆಗೆ ಹೋಗಿ ನಿಂತರು. ಅವರ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಟೆಕ್ ಪಾರ್ಕಿನ ಉದ್ದದ ಕಾಂಪೌಂಡಿನ ಪಕ್ಕದಲ್ಲಿ, ತಮ್ಮ ಬಸ್ಸಿಗೆ ಕಾಯುತ್ತಿದ್ದ ಹುಡುಗ ಹುಡುಗಿಯರು ದಾರಿ ಬಿಟ್ಟು ಸರಿದು ನಿಂತು, ಕೊರಳ ಪಟ್ಟಿಯ ಗುರುತಿನ ಚೀಟಿಗಳನ್ನು ಕೈಯಲ್ಲಿ ಹಿಡಿದುಕೊಂಡರು. ತಮಟೆಯ ಸದ್ದು ಗೋಡೆಯಾಚೆ ಸಣ್ಣದಾಯಿತು. ಪದ್ಮಾವತಿ ಮನೆಗೆ ಬಂದು ನಡುಮನೆ ತೊಳೆದಳು. ಅಮ್ಮ ಮಲಗಿದ್ದ ಜಾಗದಲ್ಲಿ ವಸಂತಮ್ಮ ದೀಪ ಇಟ್ಟಳು. ನೀಲಿ ಡ್ರಮ್ಮಿನಲ್ಲಿ ನೀರು ಇನ್ನೂ ಅರ್ಧ ಉಳಿದಿತ್ತು. ಮಣ್ಣು ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಅದರಲ್ಲೇ ಕಾಲು ತೊಳೆದುಕೊಂಡು, ದೀಪ ನೋಡಿ ಹೋಗುತ್ತಿದ್ದರು. ಅವರ ಕಾಲ ನೀರು ಅಂಗಳದಲ್ಲಿ ಇನ್ನೂ ಹರಿಯುತ್ತಿದ್ದಾಗ ಟ್ಯಾಕ್ಸಿ ಬಂದು ನಿಂತಿತು.

ರಾಜು ಇಳಿದು ಆ ಒದ್ದೆಯನ್ನು ನೋಡಿದ. ಕೈಯಲ್ಲಿದ್ದ ಚೀಲವನ್ನು ಜಗಲಿಯ ಮೇಲಿಟ್ಟು ತಾನೂ ಕೂತ. ಮುನಿಯಣ್ಣ ಮಾವ ಬಂದು ಅವನ ತಲೆಯ ಮೇಲೆ ಕೈಯಿಟ್ಟು, "ಕಾದ್ವಪ್ಪ. ಆದಷ್ಟೂ ಕಾದ್ವಿ" ಎಂದು ಒಳಗೆ ಹೋಗಿಬಿಟ್ಟ. ಪದ್ಮಾವತಿ ತಮ್ಮನ ಪಕ್ಕ ಕೂತಳು. ಏನಾದರೂ ಆಡಬೇಕಿತ್ತು. "ಪ್ಲೇನು ಲೇಟಾಯ್ತಾ?" ಎಂದಳು. ಆ ಪ್ರಶ್ನೆ ತನ್ನ ಬಾಯಿಂದಲೇ ಬಂತಲ್ಲ.

"ಇಲ್ಲಕ್ಕ. ಕರೆಕ್ಟ್ ಟೈಮಿಗೆ ಬಂತು."

ಈಗ ಹೇಳಬೇಕು. ಡ್ರಮ್ಮಿನಷ್ಟು ಎಣ್ಣೆ, ಹನುಮೇಶ, ಮುಚ್ಚಿದ ಅಂಗೈ, ಎಲ್ಲ. ಹೇಳಿದರೆ ಅವನು ಬೈಯಲಿ, ಎದ್ದುಹೋಗಲಿ. "ರಾಜು, ನಾನು ಬೆಳಗ್ಗೆ ನಿಂಗೆ..." ಎಂದಳು.

"ಗೊತ್ತಾಯ್ತಕ್ಕ ಆವಾಗ್ಲೇ" ಎಂದ ಅವನು. "ನಿಧಾನವಾಗಿ ಬಾ ಅಂದ್ಯಲ್ಲ. ನಾನೂ ಇದೇ ಊರವನಲ್ವಾ."

"ಮತ್ತೆ ಗಂಜಿ ಕುಡಿದ್ಲಾ ಅಂತ ಯಾಕೋ ಕೇಳ್ದೆ?"

"ನೀನು ಕುಡಿದ್ಲು ಅನ್ನೋದನ್ನ ಕೇಳ್ಬೇಕಿತ್ತು, ಅದಕ್ಕೆ." ಅವನು ಶೂಗಳ ದಾರ ಬಿಚ್ಚತೊಡಗಿದ. ಬಹಳ ಹೊತ್ತು ಬಿಚ್ಚಿದ. "ಸೀಟ್ ಮುಂದೆ ಒಂದು ಟೀವಿ ಇರುತ್ತಲ್ಲಕ್ಕ. ಅದ್ರಲ್ಲಿ ಮ್ಯಾಪ್ ಹಾಕ್ಕೊಂಡು ಕೂತಿದ್ದೆ. ಪುಟ್ಟ ಪ್ಲೇನು, ನೀಲಿ ಸಮುದ್ರ. ಇರುವೆ ತರ ಬರ್ತಿತ್ತು. ಇಳಿದ್ರೆ ತಾನೆ ಅಮ್ಮ ಸತ್ತೋಗಿರೋದು? ಇಳಿಯೋ ತನಕ ಕುಡಿದು ಮಲಗವ್ಳೆ. ಅದಕ್ಕೇ ಮುನೇಶ್ವರನ್ನ ಬೇಡ್ಕೊಂಡೆ, ನಿಧಾನ ಮಾಡಪ್ಪ ಅಂತ. ಇನ್ನೊಂಚೂರು ನಿಧಾನ ಮಾಡು ಅಂತ." ಅವನು ಮುಖ ಎತ್ತಿದ. "ಕೇಳಿಸ್ಕೊಂಡ ಅನ್ಸುತ್ತೆ. ನಾನು ಎಷ್ಟೋ ಸಲ ಬಂದಿದೀನಿ, ಅಷ್ಟು ನಿಧಾನ ಯಾವತ್ತೂ ಬಂದಿಲ್ಲ ಅದು."

ಪದ್ಮಾವತಿಯ ಬಾಯಿಯಲ್ಲಿ ಸಿದ್ಧವಾಗಿದ್ದ ಮಾತುಗಳು ಅಲ್ಲೇ ನಿಂತವು. ಅವಳು ಹೇಳಿದರೆ ಅವನಿಗೆ ಸಿಕ್ಕಿದ ಆ ಒಂದಿಷ್ಟು ಹೊತ್ತನ್ನೂ, ಅದನ್ನು ಕೊಟ್ಟ ದೇವರನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅದು ಅವಳೊಳಗೇ ಇರುತ್ತದೆ, ಯಾವ ತಟ್ಟೆಯಲ್ಲೂ ಇಡಲಾಗದೆ. ಸೊನ್ನೆ ಎಂದು ತಾನು ಬರೆಸಿದ ಜಾಗದಲ್ಲಿ ಇವನು ಕೂತು ಬಂದಿದ್ದಾನೆ. ಆ ಜಾಗ ಎಷ್ಟು ದೊಡ್ಡದಿತ್ತೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಮುನೇಶ್ವರ ಅವನ ಮಾತು ಕೇಳಿಸಿಕೊಂಡನೋ ಇಲ್ಲವೋ ಅವಳಿಗೆ ತಿಳಿಯದು. ತನ್ನ ಬೆರಳಿನಿಂದಲೇ ಆ ದೇವರು ಆ ಅಂಕಿ ಒತ್ತಿಸಿದನೋ ಏನೋ, ಹಾಗೆಂದುಕೊಳ್ಳುವ ಧೈರ್ಯವೂ ಅವಳಿಗೆ ಬರಲಿಲ್ಲ.

ಹೊತ್ತು ಮುಳುಗಿತು. ಒಳಗಿನಿಂದ ವಸಂತಮ್ಮ ಬಾಗಿಲಿಗೆ ಬಂದು, ಅಕ್ಕ ತಮ್ಮ ಕೂತಿದ್ದುದನ್ನು ನೋಡಿ ಹಿಂದಕ್ಕೆ ಹೋದಳು. ರಾಜು ಶೂ ಕಳಚಿ, ಬರಿಗಾಲನ್ನು ಆ ಒದ್ದೆ ನೆಲದ ಮೇಲಿಟ್ಟ.

"ಮುಖ ಹೆಂಗಿತ್ತಕ್ಕ?"

"ಚೆನ್ನಾಗಿತ್ತು ಕಣೋ" ಎಂದು ಅವಳು ಶುರುಮಾಡಿದಳು. "ಅರಿಸಿನ ಹಚ್ಚಿದ್ವಿ. ತಲೆ ಒಂಚೂರು ಈ ಕಡೆ..."

"ಹಂಗಲ್ಲ" ಎಂದ ಅವನು, ಅವಳ ಕೈ ಹಿಡಿದುಕೊಂಡು. "ನಿಧಾನವಾಗಿ ಹೇಳು."